ಮಿಸ್‌ಫೈರ್ ಹುಡುಕಲು ಬ್ಲೂಟೂತ್ ಓಬಿಡಿ ಅಡಾಪ್ಟರ್: ಕೋಡ್ ಓದುವುದು ಅದರ ಅರ್ಧ ಕೆಲಸವಷ್ಟೇ

ಐಡಲ್‌ನಲ್ಲಿ ಎಂಜಿನ್ ನಡುಗುತ್ತಿದೆ, ಆಕ್ಸಿಲರೇಟರ್ ಒತ್ತಿದರೆ ಕಾರು ಒಂದು ಕ್ಷಣ ತಡವರಿಸಿ ಜರ್ಕ್ ಹೊಡೆದು ಮುಂದೆ ಹೋಗುತ್ತಿದೆ ಎಂದಾಗ ಮಿಸ್‌ಫೈರ್ (ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು) ಎಂದುಕೊಂಡು ಹೆಚ್ಚಿನವರು ಮೊದಲು ನಾಲ್ಕೂ ಸ್ಪಾರ್ಕ್ ಪ್ಲಗ್ ಬದಲಿಸುತ್ತಾರೆ. ಸರಿಹೋಗದಿದ್ದರೆ ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಕಾಯಿಲ್, ಆಮೇಲೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್. ಕಾರಿನ ಓಬಿಡಿ ಸಾಕೆಟ್‌ಗೆ ಸಿಕ್ಕಿಸಿದರೆ ಎಂಜಿನ್ ಕಂಪ್ಯೂಟರ್‌ನ ಮಾಹಿತಿಯನ್ನು ಫೋನ್‌ನಲ್ಲಿ ತೋರಿಸುವ, ಅಂಗೈಯಲ್ಲಿ ಹಿಡಿಯುವ ಇಎಲ್‌ಎಂ327 ಮಾದರಿಯ ಬ್ಲೂಟೂತ್ ಅಡಾಪ್ಟರ್ ಇದ್ದರೆ ಪೆಟ್ರೋಲ್ ಕಾರುಗಳಲ್ಲಿ ಈ ಅಂದಾಜಿನ ಖರ್ಚು ಬಹುಪಾಲು ಉಳಿಯುತ್ತದೆ. ಆದರೆ ಆ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದಿ, ಅಳಿಸಿ, ಪಕ್ಕಕ್ಕಿಟ್ಟರೆ ಅದನ್ನು ಕೊಂಡದ್ದು ದಂಡ.

ಮೊದಲು ಕೊಳ್ಳುವ ಮಾತು. ಮೇಲೆ 'ವಿ1.5' ಎಂದು ಅಚ್ಚಾಗಿದ್ದರೆ ಒಳಗಿರುವುದು ನಕಲು ಚಿಪ್. ಮೂಲ ಚಿಪ್ ಮಾಡಿದ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಆ ಆವೃತ್ತಿಯನ್ನು ಹೊರತಂದೇ ಇಲ್ಲ. ಹಾಗೆಂದು 1.5ರ ನಕಲುಗಳೆಲ್ಲ ಕೆಟ್ಟವಲ್ಲ. 'ವಿ2.1' ಎಂದು ಬರುವ ಅಗ್ಗದ ನಕಲುಗಳಲ್ಲೇ ತೊಂದರೆ ಹೆಚ್ಚು: ಹಲವು ಕಮಾಂಡ್‌ಗಳು ಇರುವುದಿಲ್ಲ, ಇಸಿಯು (ಎಂಜಿನ್ ಕಂಪ್ಯೂಟರ್) ಉದ್ದನೆಯ ಉತ್ತರ ಕೊಟ್ಟರೆ ಅರ್ಧಕ್ಕೇ ಕತ್ತರಿಸಿಬಿಡುತ್ತವೆ. ಐಫೋನ್‌ಗೆ ಬ್ಲೂಟೂತ್ ಎಲ್‌ಇ ಅಥವಾ ವೈಫೈ ಇರುವುದನ್ನೇ ಆರಿಸಿ.

ಕೋಡ್‌ಗಳಲ್ಲಿ ಪಿ0300 ಎಂದರೆ ಯಾವ ಸಿಲಿಂಡರ್ ಎಂದು ನಿಗದಿಯಾಗದ ಮಿಸ್‌ಫೈರ್. ಪಿ0301ರಿಂದ ಪಿ0304ರವರೆಗಿನ ಕೊನೆಯ ಅಂಕಿ ಸಿಲಿಂಡರ್ ಸಂಖ್ಯೆ. ಅಳಿಸುವ ಮೊದಲು ಫ್ರೀಜ್ ಫ್ರೇಮ್‌ನ ಸ್ಕ್ರೀನ್‌ಶಾಟ್ ತೆಗೆದಿಡಿ. ಕೋಡ್ ಬಿದ್ದ ಕ್ಷಣದ ಆರ್‌ಪಿಎಂ, ಲೋಡ್, ಕೂಲಂಟ್ ಬಿಸಿ ಅಲ್ಲಿರುತ್ತವೆ. ಕೋಡ್ ಅಳಿಸಿದರೆ ಅವೂ ಹೋಗುತ್ತವೆ. ಚೆಕ್ ಎಂಜಿನ್ ದೀಪ ಮಿನುಗುತ್ತಿದ್ದರೆ ಪರೀಕ್ಷೆಗೆಂದೂ ಓಡಿಸಬೇಡಿ. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಉರಿದು ಅದನ್ನೇ ಸುಡುತ್ತದೆ.

ಪಿ0302 ಬಂದಿದೆ ಎಂದಿಟ್ಟುಕೊಳ್ಳಿ. ಎಂಜಿನ್ ಆಫ್ ಮಾಡಿ 2ನೇ ಸಿಲಿಂಡರ್ ಕಾಯಿಲನ್ನು 3ಕ್ಕೆ, 3ರದ್ದನ್ನು 2ಕ್ಕೆ ಹಾಕಿ. ಕೋಡ್ ಅಳಿಸಿ, ಫ್ರೀಜ್ ಫ್ರೇಮ್ ತೋರಿಸಿದ ಅದೇ ಲೋಡ್‌ನಲ್ಲಿ ಓಡಿಸಿ. ಪಿ0303 ಬಂದರೆ ತಪ್ಪು ಕಾಯಿಲ್‌ನದ್ದು. ಕಾಯಿಲ್ ಬಿಚ್ಚಿದಾಗ ಪ್ಲಗ್ಗನ್ನೂ ತೆಗೆದು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲಿನಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ ಮೇಲಿನಿಂದ ಕೆಳಗಿನ ಲೋಹದವರೆಗೆ ಇಳಿದಿದ್ದರೆ ಕಿಡಿ ಒಳಗೆ ಹಾರದೆ ಹೊರಗಿನಿಂದಲೇ ಜಾರುತ್ತಿದೆ. ಪ್ಲಗ್ ಮೇಲೆ ಕೂರುವ ಕಾಯಿಲ್‌ನ ರಬ್ಬರ್ ಬೂಟ್‌ನ ಒಳಗೋಡೆಯಲ್ಲೂ ಅದೇ ಗೆರೆಯ ಜೋಡಿ ಸಿಗುತ್ತದೆ. ಪ್ಲಗ್, ಬೂಟ್‌ಗಳಲ್ಲಿ ಒಂದನ್ನೇ ಬದಲಿಸಿದರೆ ಹಳೆಯದರ ಗೆರೆ ಹೊಸದನ್ನೂ ಕೆಡಿಸುತ್ತದೆ, ಎರಡನ್ನೂ ಬದಲಿಸಿ. ಪ್ಲಗ್ ಕೂರುವ ಗುಂಡಿಯಲ್ಲಿ ಆಯಿಲ್ ನಿಂತಿದ್ದರೆ ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ಅಥವಾ ಪ್ಲಗ್ ಟ್ಯೂಬ್ ಸೀಲ್ ಹೋಗಿದೆ.

ಕಾಯಿಲ್ ಜೊತೆ ಕೋಡ್ ಜಾಗ ಬದಲಿಸದಿದ್ದರೆ ಪ್ಲಗ್ಗನ್ನು, ಆಮೇಲೆ ಇಂಜೆಕ್ಟರನ್ನು ಹೀಗೇ ಅದಲುಬದಲು ಮಾಡಿ. ಆಗಲೂ 2ರಲ್ಲೇ ಉಳಿದರೆ ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಬೇಕು. ಅತಿ ಕಡಿಮೆ ಬಂದ ಸಿಲಿಂಡರ್, ಅತಿ ಹೆಚ್ಚು ಬಂದದ್ದರ ಶೇ. 75ಕ್ಕಿಂತ ಕೆಳಗಿರಬಾರದು.

ಅಡಾಪ್ಟರ್‌ನ ನಿಜವಾದ ಬೆಲೆ ಗೊತ್ತಾಗುವುದು ಕೋಡೇ ಬಾರದೆ ಪಿಕಪ್ ಮಾತ್ರ ತಡೆಯುವಾಗ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಫ್ಯುಯಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ) ಎರಡನ್ನೂ ಕೂಡಿಸಿ ನೋಡಿ. ಮೊತ್ತ ಪ್ಲಸ್ ಅಥವಾ ಮೈನಸ್ ಶೇ. 10ರೊಳಗಿದ್ದರೆ ಚಿಂತೆಯಿಲ್ಲ. ಐಡಲ್‌ನಲ್ಲಿ ಪ್ಲಸ್ 20 ಇದ್ದು 2500 ಆರ್‌ಪಿಎಂಗೆ ಏರಿಸಿದಾಗ ಪ್ಲಸ್ 4ಕ್ಕೆ ಇಳಿದರೆ ವ್ಯಾಕ್ಯೂಮ್ ಲೀಕ್, ಅಂದರೆ ಎಲ್ಲಿಂದಲೋ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಸುಳುತ್ತಿದೆ: ಥ್ರಾಟಲ್ ತೆರೆದಂತೆ ಕಳ್ಳಗಾಳಿಯ ಪಾಲು ಸಣ್ಣದಾಗುತ್ತದೆ. ಐಡಲ್‌ನಲ್ಲಿ ಸರಿಯಿದ್ದು ಲೋಡ್ ಬಿದ್ದಂತೆ ಟ್ರಿಮ್ ಏರಿದರೆ ಫ್ಯುಯಲ್ ಫಿಲ್ಟರ್, ಪಂಪ್ ಅಥವಾ ಕೊಳೆಯಾದ ಎಂಎಎಫ್ ಸೆನ್ಸರ್ (ಒಳಬರುವ ಗಾಳಿಯನ್ನು ಅಳೆಯುವಂಥದ್ದು) ಕಡೆ ಹೋಗಿ. ಅದರ ಬದಲು ಮ್ಯಾನಿಫೋಲ್ಡ್ ಒಳಗಿನ ಒತ್ತಡ ಅಳೆಯುವ ಎಂಎಪಿ ಸೆನ್ಸರ್ ಮಾತ್ರ ಇರುವ ಕಾರಿಗೆ ಲೀಕ್‌ನ ಈ ಲೆಕ್ಕ ಹಿಡಿಯುವುದಿಲ್ಲ. ಅಲ್ಲಿ ನುಸುಳಿದ ಗಾಳಿಯೂ ಲೆಕ್ಕಕ್ಕೆ ಸೇರುವುದರಿಂದ ಟ್ರಿಮ್ ಬಹುತೇಕ ಸರಿಯಾಗೇ ಕಾಣುತ್ತದೆ, ಐಡಲ್ ಮಾತ್ರ ಏರಿರುತ್ತದೆ.

ಇಲ್ಲೊಂದು ಮೋಸವಿದೆ, ಅನುಭವಿ ಮೆಕ್ಯಾನಿಕ್‌ಗಳೂ ಎಡವುವಂಥದ್ದು. ಕಿಡಿ ತಪ್ಪಿದ ಸಿಲಿಂಡರ್ ಉರಿಯದ ಆಮ್ಲಜನಕವನ್ನೂ ಹೊರಗೆ ತಳ್ಳುತ್ತದೆ. ಆಕ್ಸಿಜನ್ ಸೆನ್ಸರ್ ಅದನ್ನು ಕಂಡು ಪೆಟ್ರೋಲ್ ಸಾಲದು ಎನ್ನುತ್ತದೆ, ಇಸಿಯು ಟ್ರಿಮ್ ಏರಿಸುತ್ತದೆ. ಹಾಗಾಗಿ ಮಿಸ್‌ಫೈರ್ ನಡೆಯುತ್ತಿರುವಾಗಿನ ಪ್ಲಸ್ ಟ್ರಿಮ್ಮನ್ನು ನಂಬಿ ಪಂಪ್ ಬದಲಿಸಬೇಡಿ. ಮೊದಲು ಕಿಡಿ ಸರಿಮಾಡಿ, ಮತ್ತೆ ನೋಡಿ.

ಕ್ಯಾನ್ ಪ್ರೊಟೊಕಾಲ್ (ಕಾರಿನ ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ಒಂದು ವಿಧಾನ) ಇರುವ ಕಾರುಗಳಲ್ಲಿ ಮೋಡ್ 06, ಅಂದರೆ ಇಸಿಯು ತಾನೇ ಮಾಡಿಕೊಂಡ ಪರೀಕ್ಷೆಗಳ ಫಲಿತಾಂಶ, ತೆರೆಯುವ ಆ್ಯಪ್ ಹಾಕಿಕೊಳ್ಳಿ. ಅಲ್ಲಿ ಎ2 ಎಂಬ ಗುರುತು ಮೊದಲ ಸಿಲಿಂಡರ್, ಎ3 ಎರಡನೆಯದು, ಹೀಗೆ. ಅದರೊಳಗೆ 0ಬಿ ಹಿಂದಿನ 10 ಡ್ರೈವಿಂಗ್ ಸೈಕಲ್‌ಗಳ ಸರಾಸರಿ ಮಿಸ್‌ಫೈರ್ ಎಣಿಕೆ, 0ಸಿ ಸದ್ಯದ ಅಥವಾ ಕೊನೆಯ ಸೈಕಲ್‌ನದ್ದು. ದೀಪ ಹತ್ತುವ ಮೊದಲೇ ಯಾವ ಸಿಲಿಂಡರ್ ಹಾದಿ ತಪ್ಪುತ್ತಿದೆ ಎಂದು ಇಲ್ಲಿ ಕಾಣುತ್ತದೆ.

ಮಿತಿಗಳೂ ಸ್ಪಷ್ಟ. ಆ್ಯಪ್‌ನಲ್ಲಿ ಹತ್ತಾರು ರೀಡಿಂಗ್‌ಗಳನ್ನು ಒಟ್ಟಿಗೆ ತೆರೆದರೆ ಒಂದೊಂದೂ ನಿಧಾನವಾಗಿ ಬದಲಾಗಿ ಕ್ಷಣಿಕ ತಡವರಿಕೆ ತಪ್ಪಿಹೋಗುತ್ತದೆ. ಆರ್‌ಪಿಎಂ, ಲೋಡ್, ಟ್ರಿಮ್‌ಗಳಷ್ಟೇ ಸಾಕು. ಸಾಮಾನ್ಯ ಪೋರ್ಟ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಫ್ಯುಯಲ್ ಪ್ರೆಷರ್‌ಗೆ ಸೆನ್ಸರ್ ಇರುವುದು ಕಡಿಮೆ, ಅದಕ್ಕೆ ಗೇಜ್ ಬೇಕೇ ಬೇಕು. ಕಾಯಿಲ್‌ನ ಕಿಡಿಯ ಆಕಾರ ನೋಡಲು ಆಸಿಲೋಸ್ಕೋಪ್.

ಕೆಲಸ ಮುಗಿದ ಮೇಲೆ ಅಡಾಪ್ಟರ್ ಕಿತ್ತಿಡಿ. ಸಾಕೆಟ್‌ನ 16ನೇ ಪಿನ್‌ಗೆ ಕೀ ತೆಗೆದಮೇಲೂ ಬ್ಯಾಟರಿಯ ಕರೆಂಟ್ ಬರುತ್ತಲೇ ಇರುತ್ತದೆ; ದಿನಗಟ್ಟಲೆ ನಿಂತ ಕಾರಿನ ಬ್ಯಾಟರಿ ಇಳಿಯಲು ಅಷ್ಟು ಸಾಕು.