ಕೆನಡಾದ ಆಫರ್ ಲೆಟರ್‌ಗೆ ದುಡ್ಡು ಕೊಡಬೇಡಿ

ಹೋದ ವಾರ ಕೋಟೇಶ್ವರದ ಹುಡುಗನೊಬ್ಬ ಫೋನ್ ಮಾಡಿದ್ದ. ದೂರದ ನೆಂಟರ ಮಗ. ಬೆಂಗಳೂರಿನ ಒಂದು ಹೋಟೆಲ್‌ನಲ್ಲಿ ದೋಸೆ ಕಾವಲಿ ಮುಂದೆ ನಿಲ್ಲುತ್ತಾನೆ. "ಅಣ್ಣ, ಒಂಟಾರಿಯೊದಲ್ಲಿ ಟಿಮಿನ್ಸ್ ಅಂತ ಒಂದು ಊರಂತೆ. ಅಲ್ಲಿ ಅಡುಗೆ ಕೆಲಸ ಇದೆಯಂತೆ. ಹೊಸ ಸ್ಕೀಮ್, ಪಿಆರ್ ಗ್ಯಾರಂಟಿ ಅಂತಾರೆ. 15 ಲಕ್ಷ ಕೇಳ್ತಿದ್ದಾರೆ. ಈಗ 2 ಲಕ್ಷ ಕಟ್ಟಿದ್ರೆ ಸಾಕಂತೆ" ಎಂದ. ಪಿಆರ್ ಅಂದರೆ ಅಲ್ಲೇ ಕಾಯಂ ಆಗಿ ಇರಲು ಕೊಡುವ ಅನುಮತಿ.

ನನಗೆ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಯಿತು. 2022ರಲ್ಲಿ ಇದೇ ಮಾತನ್ನು ನಾನೂ ಕೇಳಿದ್ದೆ. ಊರಿನ ಹೆಸರು, ಸ್ಕೀಮಿನ ಹೆಸರು ಬೇರೆ ಇತ್ತು, ಅಷ್ಟೇ. ಅವನಿಗೆ ಒಂದೂವರೆ ಗಂಟೆ ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಷ್ಟು ದಿನ ಬರೆಯಲಿಲ್ಲ. ನಾಚಿಕೆ ಆಗುತ್ತಿತ್ತು, ಭಯವೂ ಇತ್ತು.

ಮೊದಲು ಒಂದು ವಿಷಯ. ಆ ಸ್ಕೀಮ್‌ಗಳು ನಿಜವಾಗಿ ಇವೆ. ಕೆನಡಾದ ಪೂರ್ವ ತುದಿಯಲ್ಲಿ ನಾಲ್ಕು ಸಣ್ಣ ಪ್ರಾಂತ್ಯಗಳಿವೆ: ನ್ಯೂ ಬ್ರನ್ಸ್‌ವಿಕ್, ನೋವಾ ಸ್ಕೋಶಿಯಾ, ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್, ನ್ಯೂಫೌಂಡ್‌ಲ್ಯಾಂಡ್ ಮತ್ತು ಲ್ಯಾಬ್ರಡಾರ್. ಅಲ್ಲಿನ ಹುಡುಗರು ದೊಡ್ಡ ಊರುಗಳಿಗೆ ಹೋಗಿಬಿಡುತ್ತಾರೆ. ಊರಲ್ಲಿ ಉಳಿದವರಿಗೆ ವಯಸ್ಸಾಗಿದೆ. ಮೀನಿನ ಫ್ಯಾಕ್ಟರಿಗೆ, ಲಾರಿ ಓಡಿಸುವುದಕ್ಕೆ, ವೃದ್ಧಾಶ್ರಮಕ್ಕೆ, ಅಡುಗೆಮನೆಗೆ ಜನ ಸಿಗುವುದಿಲ್ಲ. ಅದಕ್ಕೆಂದು 2017ರಲ್ಲಿ ಪ್ರಯೋಗವಾಗಿ ಒಂದು ಯೋಜನೆ ಶುರು ಮಾಡಿದರು. 2022ರ ಜನವರಿಯಲ್ಲಿ ಅದನ್ನು ಕಾಯಂ ಮಾಡಿದರು. ಅದರ ಹೆಸರು ಅಟ್ಲಾಂಟಿಕ್ ಇಮಿಗ್ರೇಷನ್ ಪ್ರೋಗ್ರಾಂ, ಎಲ್ಲರೂ ಎಐಪಿ ಅನ್ನುತ್ತಾರೆ. ಆ ಹುಡುಗನಿಗೆ ತೋರಿಸಿದ್ದು ರೂರಲ್ ಕಮ್ಯುನಿಟಿ ಇಮಿಗ್ರೇಷನ್ ಪೈಲಟ್. ಅದು 2025ರ ಜನವರಿಯಲ್ಲಿ ಬಂತು, 14 ಊರು, ಪ್ರದೇಶಗಳು ಅದರಲ್ಲಿವೆ. ಟಿಮಿನ್ಸ್ ಕೂಡ ಆ ಪಟ್ಟಿಯಲ್ಲಿದೆ. ಏಜೆಂಟ್ ತೋರಿಸುವ ಸರ್ಕಾರಿ ವೆಬ್‌ಸೈಟ್ ಅಸಲಿಯೇ. ಅದನ್ನು ನೋಡಿಯೇ ನಾವು ನಂಬುವುದು.

ನಾನು ಬಂದಿದ್ದು ಎಐಪಿಯಲ್ಲಿ. ಕುಂದಾಪುರದ ಹತ್ತಿರದವನು, ಪಿಯುಸಿ ಮುಗಿಸಿ ಬೆಂಗಳೂರಿಗೆ ಹೋಗಿ ದರ್ಶಿನಿಯೊಂದರಲ್ಲಿ 9 ವರ್ಷ ಅಡುಗೆ ಮಾಡಿದ್ದೇನೆ. ಒಬ್ಬ ಗಿರಾಕಿ ಏಜೆಂಟರ ನಂಬರ್ ಕೊಟ್ಟರು. ಆಫೀಸ್ ಚೆನ್ನಾಗಿತ್ತು. ಗೋಡೆ ತುಂಬ ವೀಸಾ ಸಿಕ್ಕವರ ಫೋಟೊ. "ಸರ್, ನಿಮ್ಮಂಥ ಕುಕ್‌ಗಳಿಗೇ ಅಲ್ಲಿ ಡಿಮ್ಯಾಂಡು. ಆರು ತಿಂಗಳಲ್ಲಿ ಮನೆಯವರನ್ನೂ ಕರೆಸ್ಕೋಬಹುದು" ಎಂದರು.

13 ಲಕ್ಷಕ್ಕೆ ಮಾತಾಯಿತು. 1 ಲಕ್ಷ ಸಹಿ ಮಾಡುವಾಗ, 5 ಲಕ್ಷ ಆಫರ್ ಲೆಟರ್ ಬಂದಾಗ, 7 ಲಕ್ಷ ಪ್ರಾಂತ್ಯದ ಎಂಡಾರ್ಸ್‌ಮೆಂಟ್, ಅಂದರೆ ಆ ಕೆಲಸಕ್ಕೆ ನಾನು ಬರಬಹುದು ಅನ್ನುವ ಒಪ್ಪಿಗೆ ಪತ್ರ, ಬಂದಾಗ. ಮೊದಲ ಲಕ್ಷಕ್ಕೆ ಮಾತ್ರ ರಸೀದಿ, ಅದರಲ್ಲೂ 'ಡಾಕ್ಯುಮೆಂಟೇಶನ್ ಚಾರ್ಜ್' ಅಂತ ಬರೆದಿದ್ದರು. ಉಳಿದ 12 ಲಕ್ಷ ನಗದು. ಹೆಂಡತಿಯ ಒಡವೆ ಸೊಸೈಟಿಯಲ್ಲಿ ಅಡವಿಟ್ಟೆ. ಭಾವ 3 ಲಕ್ಷ ಕೊಟ್ಟರು. ಅಪ್ಪಯ್ಯ ತೆಂಗಿನ ತೋಟದ ಮೇಲೆ ಸಾಲ ತೆಗೆದರು. ನಾನು ಕೇಳಿರಲಿಲ್ಲ, ಅವರೇ ಹೋಗಿ ತೆಗೆದುಕೊಂಡು ಬಂದರು.

ಈಗ ಒಂದು ಮಧ್ಯಾಹ್ನದ ಬಗ್ಗೆ ಹೇಳಬೇಕು. ಎಐಪಿಯಲ್ಲಿ ಎಂಡಾರ್ಸ್‌ಮೆಂಟ್‌ಗೆ ಮುಂಚೆ ಸೆಟಲ್‌ಮೆಂಟ್ ಪ್ಲ್ಯಾನ್ ಅಂತ ಒಂದು ಮಾಡಿಸಬೇಕು. ಕೆನಡಾದಲ್ಲಿರುವ ಒಂದು ಸೇವಾ ಸಂಸ್ಥೆಯವರು ನಮ್ಮ ಜೊತೆ ಮಾತಾಡಿ, ಮನೆ, ಮಕ್ಕಳ ಸ್ಕೂಲು, ಇಂಗ್ಲಿಷ್ ಕ್ಲಾಸು ಎಲ್ಲ ವಿಚಾರಿಸಿ ಬರೆದುಕೊಡುತ್ತಾರೆ. ಪೂರ್ತಿ ಉಚಿತ. ನಾನು ಅದನ್ನು ಏಜೆಂಟರ ಆಫೀಸಿನಲ್ಲೇ ಕೂತು ವೀಡಿಯೊ ಕಾಲ್‌ನಲ್ಲಿ ಮಾಡಿದೆ. ಆ ಕಡೆ ಒಬ್ಬ ವಯಸ್ಸಾದ ಹೆಂಗಸು, ತುಂಬ ನಿಧಾನವಾಗಿ, ನನಗೆ ಅರ್ಥವಾಗುವ ಹಾಗೆ ಇಂಗ್ಲಿಷ್‌ನಲ್ಲಿ ಮಾತಾಡುತ್ತಿದ್ದರು. ಚಳಿಗೆ ಎಂಥ ಬೂಟು ತಗೋಬೇಕು ಅಂತಲೂ ಹೇಳಿದರು. ಕೊನೆಗೆ, "ಈ ಕೆಲಸಕ್ಕೆ ಯಾರೂ ನಿಮ್ಮ ಹತ್ತಿರ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಯಾರಾದರೂ ಕೇಳಿದ್ದಾರಾ?" ಎಂದರು.

ಲ್ಯಾಪ್‌ಟಾಪಿನ ಹಿಂದೆ ಏಜೆಂಟರ ಕಡೆಯ ಹುಡುಗ ನಿಂತಿದ್ದ. ಇಲ್ಲ ಅನ್ನಿ ಅಂತ ತಲೆ ಆಡಿಸಿದ. ನಾನು "ನೋ ಮ್ಯಾಡಂ" ಎಂದೆ.

ಅವತ್ತು ಹೌದು ಅಂದಿದ್ದರೆ 7 ಲಕ್ಷ ಉಳಿಯುತ್ತಿತ್ತು. ಆದರೆ ಅಷ್ಟು ಹೊತ್ತಿಗೆ 6 ಲಕ್ಷ ಹೋಗಿತ್ತಲ್ಲ. ನಿಜ ಹೇಳಿದರೆ ಅದೂ ಹೋಗುತ್ತದೆ ಅಂತ ಭಯ. ದುಡ್ಡನ್ನು ಕಂತಿನಲ್ಲಿ ತೆಗೆದುಕೊಳ್ಳುವುದು ಇದಕ್ಕೇ. ಒಂದು ಕಂತು ಕಟ್ಟಿದವನು ಅವರ ಸುಳ್ಳನ್ನು ತಾನೇ ಕಾಯತೊಡಗುತ್ತಾನೆ.

2023ರ ಸೆಪ್ಟೆಂಬರ್‌ನಲ್ಲಿ ನ್ಯೂ ಬ್ರನ್ಸ್‌ವಿಕ್‌ಗೆ ಬಂದೆ. ಸೇಂಟ್ ಜಾನ್ ನದಿ ದಡದ ಒಂದು ಸಣ್ಣ ಊರು. ರೆಸ್ಟೋರೆಂಟ್ ನಿಜವಾಗಿ ಇತ್ತು. ಮಾಲೀಕರು ಭಾರತದಿಂದ ಬಂದು ನೆಲೆಸಿದವರೇ. ಮೊದಲ ತಿಂಗಳು ಚೆನ್ನಾಗಿ ನೋಡಿಕೊಂಡರು. ಕೆಲಸದವರು ನಾಲ್ಕು ಜನ ಒಂದು ಬೇಸ್‌ಮೆಂಟ್‌ನಲ್ಲಿದ್ದೆವು. ತಲೆಗೆ 450 ಡಾಲರ್ ಬಾಡಿಗೆ.

ಎರಡನೇ ತಿಂಗಳು ಲೆಕ್ಕ ಗೊತ್ತಾಯಿತು. ಪೇ ಸ್ಲಿಪ್‌ನಲ್ಲಿ ವಾರಕ್ಕೆ 40 ಗಂಟೆ, ಗಂಟೆಗೆ 17 ಡಾಲರ್. ಮಾಡಿಸುತ್ತಿದ್ದುದು 60 ಗಂಟೆ. ಸಂಬಳ ಬ್ಯಾಂಕಿಗೆ ಸರಿಯಾಗಿ ಬೀಳುತ್ತಿತ್ತು. ಮರುದಿನ ಎಟಿಎಂನಿಂದ 300 ಡಾಲರ್ ತೆಗೆದು ಕವರ್‌ನಲ್ಲಿ ವಾಪಸ್ ಕೊಡಬೇಕು. ಎರಡು ವಾರಕ್ಕೊಮ್ಮೆ ಇದೇ. "ನಿನ್ನ ಪೇಪರ್ಸ್‌ಗೆ ನನಗೂ ಖರ್ಚಾಗಿದೆ" ಎಂದರು. ಹಾಗಾದರೆ ನನ್ನ 13 ಲಕ್ಷ ಯಾರ ಕೈ ಸೇರಿತು ಅಂತ ಕೇಳುವ ಧೈರ್ಯ ಆಗಲಿಲ್ಲ.

ಯಾಕೆ ಸುಮ್ನೆ ಇದ್ದೆ ಅಂದರೆ, ನನ್ನ ವರ್ಕ್ ಪರ್ಮಿಟ್ ಮೇಲೆ ಆ ಒಬ್ಬ ಮಾಲೀಕರ ಹೆಸರು ಮಾತ್ರ ಇತ್ತು. ಬೇರೆ ಎಲ್ಲೂ ಕೆಲಸ ಮಾಡುವ ಹಾಗಿಲ್ಲ. ಎಂಡಾರ್ಸ್‌ಮೆಂಟ್ ಕೂಡ ಆ ಕೆಲಸಕ್ಕೇ ಅಂಟಿಕೊಂಡಿರುತ್ತದೆ. ಕೆಲಸ ಬಿಟ್ಟರೆ ಪಿಆರ್ ಕನಸೂ ಬಿಟ್ಟ ಹಾಗೆ. ಇದು ಏಜೆಂಟರಿಗೂ ಗೊತ್ತು, ಮಾಲೀಕರಿಗೂ ಗೊತ್ತು. ನಮಗೆ ಮಾತ್ರ ಬಂದ ಮೇಲೆ ಗೊತ್ತಾಗುತ್ತದೆ. ಪಿಆರ್ ಅರ್ಜಿ ಹಾಕಿದ ಈಮೇಲ್ ಕೂಡ ಏಜೆಂಟರು ನನ್ನ ಹೆಸರಲ್ಲಿ ಮಾಡಿದ್ದು. ಪಾಸ್‌ವರ್ಡ್ ಅವರ ಹತ್ತಿರ. ನನ್ನ ಅರ್ಜಿಯಲ್ಲಿ ಏನು ಬರೆದಿದೆ ಅಂತ ನಾನೇ ನೋಡಿರಲಿಲ್ಲ.

ಜೊತೆಗಿದ್ದ ದಾವಣಗೆರೆ ಕಡೆಯ ಹುಡುಗನಿಗೆ ಇದರಿಂದಲೇ ಹೊಡೆತ ಬಿತ್ತು. ಈ ಭಾಗವನ್ನು ಹೋಟೆಲ್ ಕೆಲಸದವರು ದಯವಿಟ್ಟು ಗಮನ ಇಟ್ಟು ಓದಿ. ಎಐಪಿಗೆ ಹಿಂದಿನ 5 ವರ್ಷದಲ್ಲಿ 1,560 ಗಂಟೆ ಕೆಲಸ ಮಾಡಿದ ಅನುಭವ ಬೇಕು, ಅಂದರೆ ವಾರಕ್ಕೆ 30 ಗಂಟೆಯ ಹಾಗೆ ಒಂದು ವರ್ಷ. ನಮ್ಮಲ್ಲಿ ಎಷ್ಟೋ ಜನ ಹತ್ತು ವರ್ಷ ದುಡಿದಿರುತ್ತೇವೆ. ಆದರೆ ಸಂಬಳ ಕೈಗೆ, ಸ್ಲಿಪ್ ಇಲ್ಲ, ಪಿಎಫ್ ಇಲ್ಲ. ಅಲ್ಲೇ ಏಜೆಂಟ್ ಬಾಯಿ ಹಾಕುತ್ತಾನೆ. "ನಿಮ್ಮ ಹತ್ರ ಪ್ರೂಫ್ ಇಲ್ವಲ್ಲ, ಬಿಡಿ, ನಾವು ಮಾಡಿಸ್ತೀವಿ." ನನಗೂ ಹೀಗೇ ಹೇಳಿದ್ದರು. ನನ್ನ ಪುಣ್ಯ, ದರ್ಶಿನಿಯ ಯಜಮಾನರು ತಾವೇ ಲೆಟರ್‌ಹೆಡ್‌ನಲ್ಲಿ ಬರೆದು, ಸೀಲ್ ಹಾಕಿ ಕೊಟ್ಟಿದ್ದರು. ದಾವಣಗೆರೆಯ ಹುಡುಗನಿಗೆ ಅವನು ಕಾಲೇ ಇಡದ ಮೈಸೂರಿನ ಒಂದು ಹೋಟೆಲ್‌ನ ಪತ್ರ ಮಾಡಿಸಿದ್ದರು. ಪಿಆರ್ ಅಧಿಕಾರಿಗಳು ವಿಚಾರಿಸಿದರು, ಸಿಕ್ಕಿಬಿತ್ತು. ಕೆನಡಾ ಕಾನೂನಿನಲ್ಲಿ ಸುಳ್ಳು ಮಾಹಿತಿ ಕೊಟ್ಟರೆ 5 ವರ್ಷ ದೇಶಕ್ಕೆ ಬರುವ ಹಾಗಿಲ್ಲ. ಏಜೆಂಟ್ ಬರೆದದ್ದು, ನನಗೆ ಗೊತ್ತಿರಲಿಲ್ಲ ಅಂದರೆ ನಡೆಯುವುದಿಲ್ಲ, ಸಹಿ ನಮ್ಮದು. 2024ರ ಫೆಬ್ರವರಿಯಲ್ಲಿ ಆ ಪತ್ರ ಬಂತು. ಹೊರಗೆ ಮೈನಸ್ 22. ಅವನು ಜಾಕೆಟ್ ಹಾಕದೆ ಮೆಟ್ಟಿಲ ಮೇಲೆ ಕೂತಿದ್ದ. ನಾವು ಮೂವರು ಎತ್ತಿಕೊಂಡು ಒಳಗೆ ಬಂದೆವು.

ಅದಾದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ಆ ಊರಿನ ಸೆಟಲ್‌ಮೆಂಟ್ ಆಫೀಸಿಗೆ, ಅಂದರೆ ಹೊಸದಾಗಿ ಬಂದವರಿಗೆ ಸಹಾಯ ಮಾಡುವ ಸಂಸ್ಥೆಗೆ, ಹೋದೆ. ದುಡ್ಡು ಕೊಟ್ಟಿದ್ದು, ಸುಳ್ಳು ಹೇಳಿದ್ದು, ಕವರ್ ಕೊಡುತ್ತಿರುವುದು ಎಲ್ಲ ಹೇಳಿದೆ. ಈಗಲೇ ಪೊಲೀಸರನ್ನು ಕರೆಯುತ್ತಾರೆ ಅಂದುಕೊಂಡಿದ್ದೆ. ಅವರು ಟೀ ಕೊಟ್ಟು ಒಂದು ವಿಷಯ ಹೇಳಿದರು. ಅದು ನನಗೆ ಬಂದ ದಿನವೇ ಗೊತ್ತಿರಬೇಕಿತ್ತು.

ಒಬ್ಬನೇ ಮಾಲೀಕನಿಗೆ ಕಟ್ಟಿಹಾಕಿದ ಪರ್ಮಿಟ್ ಇರುವವರಿಗೆ ಕೆಲಸದಲ್ಲಿ ದೌರ್ಜನ್ಯ ಆದರೆ, ಬೇರೆ ಕಡೆ ಕೆಲಸ ಮಾಡಲು ಓಪನ್ ವರ್ಕ್ ಪರ್ಮಿಟ್ ಸಿಗುತ್ತದೆ. 2019ರ ಜೂನ್‌ನಿಂದ ಈ ವ್ಯವಸ್ಥೆ ಇದೆ. ಫೀಸ್ ಇಲ್ಲ. ಹೊಡೆದು ಬಡಿದರೆ ಮಾತ್ರ ದೌರ್ಜನ್ಯ ಅಂತ ಅಲ್ಲ, ಸಂಬಳ ಕಿತ್ತುಕೊಳ್ಳುವುದೂ ದೌರ್ಜನ್ಯವೇ. ಕೆನಡಾದೊಳಗೆ ಇದ್ದು, ಪರ್ಮಿಟ್ ಅವಧಿ ಮುಗಿಯುವ ಮುಂಚೆ ಅರ್ಜಿ ಹಾಕಬೇಕು.

ನನ್ನನ್ನು ಉಳಿಸಿದ್ದು ಒಂದು ಸಣ್ಣ ಡೈರಿ. ಊರಲ್ಲಿ ಹಾಲಿನ ಲೆಕ್ಕ ಬರೆಯುವ ಹಾಗೆ, ದಿನಾ ಎಷ್ಟು ಗಂಟೆಗೆ ಹೋದೆ, ಎಷ್ಟಕ್ಕೆ ಬಂದೆ ಅಂತ ಬರೆದಿಟ್ಟಿದ್ದೆ. ಸಂಬಳ ಬಿದ್ದ ಮರುದಿನವೇ 300 ಡಾಲರ್ ತೆಗೆದಿರುವುದು ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಸಾಲಾಗಿ ಇತ್ತು. 'ನಾಳೆ ಕವರ್ ತಾ' ಎಂಬ ವಾಟ್ಸಾಪ್ ಮೆಸೇಜ್ ಇತ್ತು. ಇಷ್ಟೇ ಸಾಕಾಯಿತು. ದುಡ್ಡು ಕೊಟ್ಟಿದ್ದನ್ನೂ, ವೀಡಿಯೊ ಕಾಲ್‌ನಲ್ಲಿ ಸುಳ್ಳು ಹೇಳಿದ್ದನ್ನೂ ನಾನೇ ಬರೆದುಕೊಟ್ಟೆ. ಅದಕ್ಕಾಗಿ ನನ್ನನ್ನು ಯಾರೂ ವಾಪಸ್ ಕಳಿಸಲಿಲ್ಲ. ಪರ್ಮಿಟ್ ಬಂತು. ಹಳೆಯ ಪಿಆರ್ ಅರ್ಜಿ ಹಿಂತೆಗೆದುಕೊಂಡೆ. ಈಗ ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿದ್ದೇನೆ. ಅವರು ಒಂದು ಡಾಲರ್ ಕೇಳಲಿಲ್ಲ. ಹೊಸ ಎಂಡಾರ್ಸ್‌ಮೆಂಟ್ ಸಿಕ್ಕಿದೆ, ಪಿಆರ್ ಇನ್ನೂ ಬಂದಿಲ್ಲ. ಆರು ತಿಂಗಳಲ್ಲಿ ಬರಬೇಕಿದ್ದ ಹೆಂಡತಿ, ಮಗಳು ಇನ್ನೂ ಊರಲ್ಲೇ ಇದ್ದಾರೆ. 12 ಲಕ್ಷ ನಗದಿಗೆ ಸಾಕ್ಷಿಯೇ ಇಲ್ಲ.

ನನಗೆ ಈಗಲೂ ಸಂಕಟ ಆಗುವುದು ಯಾವುದಕ್ಕೆ ಗೊತ್ತಾ? ನಾನು ಅರ್ಹನೇ ಆಗಿದ್ದೆ. ಕುಕ್ ಕೆಲಸಕ್ಕೆ ಐಇಎಲ್‌ಟಿಎಸ್ ಜನರಲ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಓದುವುದಕ್ಕೆ 4, ಉಳಿದ ಮೂರಕ್ಕೆ 5 ಇದ್ದರೆ ಸಾಕು, ನನಗೆ ಇತ್ತು. ಪಿಯುಸಿ ಸರ್ಟಿಫಿಕೇಟ್ ಇತ್ತು, ಅನುಭವ ಇತ್ತು. ಒಪ್ಪಿಗೆ ಪಡೆದ ಮಾಲೀಕರ ಪಟ್ಟಿಯನ್ನು ಅಟ್ಲಾಂಟಿಕ್ ಪ್ರಾಂತ್ಯಗಳು ತಮ್ಮ ವೆಬ್‌ಸೈಟ್‌ನಲ್ಲೇ ಹಾಕಿವೆ. ನಾನೇ ಕೂತು ನೂರು ಈಮೇಲ್ ಹಾಕಬಹುದಿತ್ತು. ಸರ್ಕಾರಕ್ಕೆ ಕಟ್ಟುವ ಫೀಸ್ ನೋಡಿ: 2024ರ ಏಪ್ರಿಲ್ ದರದಲ್ಲಿ ಪಿಆರ್‌ಗೆ 1,525 ಡಾಲರ್, ವರ್ಕ್ ಪರ್ಮಿಟ್‌ಗೆ 155, ಬೆರಳಚ್ಚಿಗೆ 85. ನಮ್ಮ ಲೆಕ್ಕದಲ್ಲಿ ಒಂದು ಲಕ್ಷದ ಆಸುಪಾಸು. ಇದಕ್ಕೆ ಪರೀಕ್ಷೆ, ಮೆಡಿಕಲ್, ಟಿಕೆಟ್ ಸೇರಿಸಿದರೂ 13 ಲಕ್ಷದ ಹತ್ತಿರಕ್ಕೂ ಬರುವುದಿಲ್ಲ.

ಹಾಗಾಗಿ ಆ ಹುಡುಗನಿಗೆ ಮೂರು ವಿಷಯ ವಿಚಾರಿಸಲು ಹೇಳಿದೆ. ಕೆನಡಾ ಅರ್ಜಿಗೆ ದುಡ್ಡು ತಗೊಂಡು ಸಲಹೆ ಕೊಡಲು ಅಲ್ಲಿನ ವಕೀಲರಿಗೆ, ಕ್ವಿಬೆಕ್ ಪ್ರಾಂತ್ಯದ ನೋಟರಿಗಳಿಗೆ, ಇಲ್ಲವೇ ಅಲ್ಲಿನ ಇಮಿಗ್ರೇಷನ್ ಕನ್ಸಲ್ಟೆಂಟ್‌ಗಳ ಕಾಲೇಜಿನಲ್ಲಿ (ಓದುವ ಕಾಲೇಜಲ್ಲ, ಅವರಿಗೆ ಲೈಸೆನ್ಸ್ ಕೊಡುವ ಸಂಸ್ಥೆ) ನೋಂದಾಯಿಸಿದವರಿಗೆ ಮಾತ್ರ ಹಕ್ಕಿದೆ. ಆ ಕಾಲೇಜಿನ ರಿಜಿಸ್ಟರ್ ಆನ್‌ಲೈನ್‌ನಲ್ಲಿದೆ, ಹೆಸರು ಹಾಕಿ ನೋಡಬಹುದು, ಲೈಸೆನ್ಸ್ ಅಮಾನತಾಗಿದ್ದರೂ ತೋರಿಸುತ್ತದೆ. ಇನ್ನು ವಿದೇಶದಲ್ಲಿ ಕೆಲಸ ಕೊಡಿಸುವ ಏಜೆಂಟ್ ನಮ್ಮ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿರಬೇಕು. ಇಮೈಗ್ರೇಟ್ ಪೋರ್ಟಲ್‌ನಲ್ಲಿ ಪಟ್ಟಿ ಇದೆ, ಅನುಮತಿ ಇಲ್ಲದವರ ಪಟ್ಟಿಯೂ ಇದೆ. ನೋಂದಾಯಿಸಿದವರು ಕೂಡ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. 'ನಾವು ಬರೀ ಕನ್ಸಲ್ಟೆನ್ಸಿ' ಅಂತ ಜಾರಿಕೊಂಡರೆ ಎದ್ದು ಬನ್ನಿ. ಕೊನೆಗೆ, ಟಿಮಿನ್ಸ್ ಊರಿನ ಆರ್ಥಿಕ ಅಭಿವೃದ್ಧಿ ಸಂಸ್ಥೆಗೇ ಈಮೇಲ್ ಹಾಕಿ, ಈ ಮಾಲೀಕರಿಗೆ ನಿಮ್ಮ ಒಪ್ಪಿಗೆ ಇದೆಯಾ ಅಂತ ಕೇಳು ಅಂದೆ.

'ಗ್ಯಾರಂಟಿ' ಅನ್ನುವವರನ್ನಂತೂ ಈಗ ನಂಬಲೇಬೇಡಿ. ಪ್ರಾಂತ್ಯಗಳು ತಾವೇ ಆರಿಸಿ ಪಿಆರ್‌ಗೆ ಹೆಸರು ಕಳಿಸುವ ನಾಮಿನಿ ಕೋಟಾವನ್ನು ಕೆನಡಾದ ಕೇಂದ್ರ ಸರ್ಕಾರ 2025ಕ್ಕೆ 1,10,000ದಿಂದ 55,000ಕ್ಕೆ ಇಳಿಸಿತು. ನಿಯಮ ಯಾವಾಗ ಬೇಕಾದರೂ ಬದಲಾಗುತ್ತದೆ. 2024ರ ಮೇ ತಿಂಗಳಲ್ಲಿ ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್‌ನ ಶಾರ್ಲಟ್‌ಟೌನ್‌ನಲ್ಲಿ ನಮ್ಮ ದೇಶದ ಹುಡುಗರು ಧರಣಿ ಕೂತು ಉಪವಾಸ ಮಾಡಿದ್ದನ್ನು ಟಿವಿಯಲ್ಲಿ ನೀವೂ ನೋಡಿರಬಹುದು. ಹೋಟೆಲ್, ಅಂಗಡಿ ಕೆಲಸದವರಿಗೆ ಪಿಆರ್ ಅವಕಾಶವನ್ನು ಅಲ್ಲಿನ ಸರ್ಕಾರ ಇದ್ದಕ್ಕಿದ್ದ ಹಾಗೆ ಕಡಿಮೆ ಮಾಡಿತ್ತು. ಕೆಲಸಕ್ಕೆ ಜನ ಬೇಕು ಅಂತ ಕರೆದವರೇ ಹೀಗೆ ಮಾಡಬಹುದಾದರೆ, ಬೆಂಗಳೂರಿನಲ್ಲಿ ಕೂತ ಏಜೆಂಟ್ ಏನು ಗ್ಯಾರಂಟಿ ಕೊಡುತ್ತಾನೆ?

ಹೋಟೆಲ್‌ನಲ್ಲಿ ದುಡಿಯುತ್ತಿರುವವರು ಇವತ್ತೇ ಯಜಮಾನರ ಹತ್ತಿರ ಮಾತಾಡಿ, ಸಂಬಳ ಬ್ಯಾಂಕಿಗೆ ಹಾಕಿಸಿಕೊಳ್ಳಿ. ಕೆನಡಾಕ್ಕೆ ಹೋದರೂ ಬಿಟ್ಟರೂ ಆ ದಾಖಲೆ ನಿಮ್ಮ ಹತ್ತಿರ ಇರಲಿ. ಈಗಾಗಲೇ ದುಡ್ಡು ಕೊಟ್ಟು ಬಂದು ಯಾವುದೋ ಬೇಸ್‌ಮೆಂಟ್‌ನಲ್ಲಿ ಇದನ್ನು ಓದುತ್ತಿದ್ದರೆ, ಗಂಟೆಗಳನ್ನು ಬರೆದಿಡಿ, ಮೆಸೇಜ್ ಅಳಿಸಬೇಡಿ, ಹತ್ತಿರದ ಸೆಟಲ್‌ಮೆಂಟ್ ಆಫೀಸಿಗೆ ಹೋಗಿ. ಹೆದರಬೇಡಿ.

ಹುಡುಗ ನಿನ್ನೆ ಮತ್ತೆ ಫೋನ್ ಮಾಡಿದ್ದ. ರಿಜಿಸ್ಟರ್ ನಂಬರ್ ಕೇಳಿದ್ದಕ್ಕೆ, 2 ಲಕ್ಷ ಕಟ್ಟಿದ ಮೇಲೆ ಕೊಡುತ್ತೇವೆ ಅಂದರಂತೆ. ಇವನು ಕಟ್ಟಿಲ್ಲ. ಆದರೆ ಅವನ ಅಮ್ಮ ಆಗಲೇ ಬಳೆ ತೆಗೆದಿಟ್ಟಿದ್ದಾರಂತೆ, ಮಗ ಒಳ್ಳೆಯ ಅವಕಾಶ ಕಳೆದುಕೊಳ್ಳುತ್ತಿದ್ದಾನೆ ಅಂತ ಅಳುತ್ತಿದ್ದಾರಂತೆ. ಭಾನುವಾರ ನನಗೆ ರಜೆ. ಅವರಿಗೆ ನಾನೇ ಫೋನ್ ಮಾಡಿ ಮಾತಾಡುತ್ತೇನೆ.