ದೋಣಿ ಕಟ್ಟುವವರಿಗೆ ಬ್ಲಾಕ್ ಪ್ಲೇನ್: ಮೂರು ಮಾದರಿ, ಜೊತೆಗೆ ಬೇಕಾದ ನಾಲ್ಕು ಉಪಕರಣ

ಮೇಜು, ಕಪಾಟಿನ ಕೆಲಸದಲ್ಲಿ ಎಲ್ಲವೂ ಮೂಲೆಮಟ್ಟಕ್ಕೆ ಬಂದು ಕೂರುತ್ತದೆ. ದೋಣಿಯಲ್ಲಿ ಮೂಲೆಮಟ್ಟಕ್ಕೆ ಕೆಲಸವೇ ಕಡಿಮೆ. ಹಲಗೆ ಕೂರುವ ಅಂಚಿನ ಓರೆ ಮೂತಿಯಿಂದ ಹಿಂಭಾಗದವರೆಗೆ ಅಡಿ ಅಡಿಗೂ ಬದಲಾಗುತ್ತ ಹೋಗುತ್ತದೆ. ಯಂತ್ರಕ್ಕೆ ಒಂದು ಕೋನ ಕಟ್ಟಿ ಓಡಿಸಿದರೆ ಅದು ಸಿಗುವುದಿಲ್ಲ. ಒಂದೇ ಕೈಯಲ್ಲಿ ಹಿಡಿದು, ಮಣಿಕಟ್ಟನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಸಾಗಬಹುದಾದ ಸಣ್ಣ ಹತ್ತರಿ (ಮರ ಕೀಸುವ ಉಪಕರಣ) ಬೇಕು, ಅದೇ ಬ್ಲಾಕ್ ಪ್ಲೇನ್. ಆದ್ದರಿಂದ ಕೈ ಉಪಕರಣಕ್ಕೆ ಎತ್ತಿಟ್ಟ ದುಡ್ಡಿನ ದೊಡ್ಡ ಪಾಲು ಲೋ ಆಂಗಲ್ ಬ್ಲಾಕ್ ಪ್ಲೇನ್‌ಗೆ ಹೋಗಲಿ. ಉಳಿದದ್ದರಲ್ಲಿ ಜಿಪುಣತನ ಮಾಡಿದರೂ ನಡೆಯುತ್ತದೆ.

ಲೋ ಆಂಗಲ್ ಯಾಕೆ? ಇದರಲ್ಲಿ ಅಲಗು ಕೂರುವ ಹಾಸು 12 ಡಿಗ್ರಿ, ಅಲಗಿನ ಓರೆ ಮೇಲ್ಮುಖ. ಓರೆ 25 ಡಿಗ್ರಿ ಇದ್ದರೆ ಮರಕ್ಕೆ ತಾಗುವ ಕೋನ 37. ಸಾಮಾನ್ಯ ಬ್ಲಾಕ್ ಪ್ಲೇನ್‌ನ ಹಾಸು ಸುಮಾರು 20 ಡಿಗ್ರಿ, ಹಾಗಾಗಿ ಅಲ್ಲಿ ಅದು 45ರ ಆಸುಪಾಸು. ದೋಣಿಯಲ್ಲಿ ಪ್ಲೈವುಡ್ ಅಂಚು, ಹಲಗೆಯ ತುದಿ, ಅಡ್ಡ ನಾರು ಇವೇ ಹೆಚ್ಚು. ಅಲ್ಲಿ 37 ಡಿಗ್ರಿ ಮರವನ್ನು ಕೀಳದೆ ಕೊಯ್ಯುತ್ತದೆ. ಎದುರು ನಾರು ಬಂದಾಗ ಇದೇ ಕೋನ ಮರವನ್ನು ಸಿಗಿದು ಹಾಕುವುದೂ ಉಂಟು. ಅದಕ್ಕೆ 38 ಡಿಗ್ರಿಗೆ ಸಾಣೆ ಹಿಡಿದ ಎರಡನೇ ಅಲಗು ಇಟ್ಟುಕೊಂಡರೆ ಒಟ್ಟು ಕೋನ 50 ಆಗುತ್ತದೆ. ಅಲಗು ಬದಲಿಸಲು ಒಂದು ನಿಮಿಷ ಸಾಕು.

ಮೂರರಲ್ಲಿ ಮೊದಲನೆಯದು ಸ್ಟ್ಯಾನ್ಲಿ ಕಂಪನಿಯ 60½ ಸಂಖ್ಯೆಯ ಮಾದರಿಯ ಹಳೆಯ ಪ್ರತಿ. ಈ ವಿನ್ಯಾಸವನ್ನೇ ಹಿಡಿದು ಮುಂದೆ ಹಲವರು ನಡೆದದ್ದು. ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಬಾಯಿಯ (ತಳದಲ್ಲಿ ಅಲಗು ಹೊರಬರುವ ಸೀಳಿನ) ಸುತ್ತ ಬಿರುಕು ಇದೆಯೇ, ಬಾಯಿಯನ್ನು ಹಿಗ್ಗಿಸಿ ಕುಗ್ಗಿಸುವ ಮುಂದಿನ ಜಾರುಪಟ್ಟಿ ಸಲೀಸಾಗಿ ಸರಿಯುತ್ತದೆಯೇ ನೋಡಬೇಕು. ಅಲಗು ತುಕ್ಕು ಹಿಡಿದಿದ್ದರೆ ಚಿಂತೆಯಿಲ್ಲ, ಹೊಸದು ಹಾಕಬಹುದು. ಆದರೆ ಹಾಸಿನಲ್ಲಿ ತುಕ್ಕು ಗುಳಿ ತೋಡಿದ್ದರೆ ಅಲಗು ಅಲುಗಾಡುತ್ತದೆ, ಅಂಥದ್ದನ್ನು ಬಿಟ್ಟುಬಿಡಿ.

ಎರಡನೆಯದು ವೆರಿಟಾಸ್‌ನ ಲೋ ಆಂಗಲ್. ಅಲಗಿನ ಆಳ ಮತ್ತು ಪಕ್ಕದ ವಾಲು ಎರಡನ್ನೂ ಒಂದೇ ಗುಬ್ಬಿಯಿಂದ ಹೊಂದಿಸಬಹುದು. ಅಲಗು ಪಕ್ಕಕ್ಕೆ ಜಾರದಂತೆ ಎರಡು ಬದಿಯಲ್ಲೂ ಸಣ್ಣ ತಿರುಪು ಇವೆ. ದಿನವಿಡೀ ಓರೆ ಓರೆಯಾಗಿ ಒತ್ತಡ ಬೀಳುವ ಕೆಲಸದಲ್ಲಿ ಈ ತಿರುಪುಗಳ ಬೆಲೆ ಗೊತ್ತಾಗುತ್ತದೆ. ಅಲಗು ಸುಮಾರು 41 ಮಿ.ಮೀ. ಅಗಲ, ಸಣ್ಣ ಕೈಯವರಿಗೆ ಸಂಜೆಯ ಹೊತ್ತಿಗೆ ಭಾರ ಎನಿಸಬಹುದು.

ಮೂರನೆಯದು ಲೀ-ನೀಲ್ಸನ್ 102ರ ಕಂಚಿನ ಮಾದರಿ. ಮೈ ತುಕ್ಕು ಹಿಡಿಯದು, ಅಂಗೈಯಲ್ಲಿ ಪೂರ್ತಿ ಅಡಗುತ್ತದೆ. ಕೊರತೆ ಒಂದೇ: ಬಾಯಿಯನ್ನು ಹಿಗ್ಗಿಸಿ ಕುಗ್ಗಿಸಲು ಬರುವುದಿಲ್ಲ. ಒಂದೇ ಹತ್ತರಿ ಕೊಳ್ಳುವವರಿಗೆ ವೆರಿಟಾಸ್. ನೀರಿನ ಪಕ್ಕದಲ್ಲೇ ಕೆಲಸ, ಜೇಬಿನಲ್ಲೇ ಹತ್ತರಿ ಎನ್ನುವವರಿಗೆ ಕಂಚು.

ಯಾವುದೇ ಬ್ಲಾಕ್ ಪ್ಲೇನ್‌ಗೆ ನಿಜವಾದ ಪರೀಕ್ಷೆ ಪ್ಲೈವುಡ್‌ನ ಸ್ಕಾರ್ಫ್ ಜೋಡಣೆ. ಎರಡು ಹಾಳೆಗಳ ಅಂಚನ್ನು ಇಳಿಜಾರಾಗಿ ಕೀಸಿ ಒಂದರ ಮೇಲೊಂದು ಅಂಟಿಸುವ ಕೆಲಸ ಇದು. ದಪ್ಪದ ಎಂಟು ಪಟ್ಟು ಉದ್ದದ ಇಳಿಜಾರು ಬೇಕು: 6 ಮಿ.ಮೀ. ಹಾಳೆಗೆ 48, 9 ಮಿ.ಮೀ.ಗೆ 72. 6 ಮಿ.ಮೀ.ನ ನಾಲ್ಕು ಹಾಳೆಗಳನ್ನು ಒಂದರ ಮೇಲೊಂದು, ಪ್ರತಿಯೊಂದನ್ನೂ 48 ಮಿ.ಮೀ. ಹಿಂದಕ್ಕೆ ಸರಿಸಿ ಮೆಟ್ಟಿಲಿನಂತೆ ಜೋಡಿಸಿ ಒಟ್ಟಿಗೇ ಕೀಸಬೇಕು. ಪ್ಲೈನ ಪದರಗಳು ಪಟ್ಟೆಗಳಾಗಿ ಕಾಣುತ್ತ ಬರುತ್ತವೆ. ಪಟ್ಟೆಗಳು ನೇರ, ಸಮಾನಾಂತರ ಇದ್ದರೆ ಇಳಿಜಾರು ಸರಿ. ಬಾಗಿದರೆ ಅಲ್ಲಿ ಉಬ್ಬೋ ತಗ್ಗೋ ಇದೆ ಎಂದರ್ಥ. ಇದಕ್ಕಿಂತ ಒಳ್ಳೆಯ ಅಳತೆಗೋಲು ಯಾವ ಅಂಗಡಿಯಲ್ಲೂ ಸಿಗದು. ಕೆಳಗಿನ ಹಾಳೆಯ ಅಂಚು ಹರಿಯದಂತೆ ಅಡಿಗೆ ಒಂದು ಬೇಡದ ಹಲಗೆ ಕೊಟ್ಟಿರಬೇಕು.

ಅಲಗು ಬೇಗ ಮೊಂಡಾಗುವುದು ಮರದಿಂದಲ್ಲ, ಅಂಟಿನಿಂದ. ಪ್ಲೈವುಡ್‌ನ ಅಂಟಿನ ಗೆರೆಗಳು ಅಲಗಿನ ಅಂಚಿನಲ್ಲಿ ಸಾಲಾಗಿ ಕಚ್ಚು ಮೂಡಿಸುತ್ತವೆ. ಕೀಸಿದ ಮೈಮೇಲೆ ಸಣ್ಣ ಏಣುಗೆರೆಗಳು ಕಂಡರೆ ಸಾಣೆಗೆ ಹೊತ್ತಾಯಿತು. ಗಟ್ಟಿಯಾದ ಎಪಾಕ್ಸಿ (ಎರಡು ದ್ರವ ಬೆರೆಸಿ ಹಾಕುವ ಅಂಟು) ಇನ್ನೂ ಕೆಟ್ಟದ್ದು. ಮೇಲೆ ಜಿಡ್ಡಿನ ಪೊರೆ ಇದ್ದರೆ ಮೊದಲು ನೀರಿನಲ್ಲಿ ಒರೆಸಿ ಒಣಗಿಸಿ, ಸೋರಿ ನಿಂತ ಎಪಾಕ್ಸಿಯನ್ನು ಕಾರ್ಬೈಡ್ ಸ್ಕ್ರೇಪರ್‌ನಿಂದ ಕೆರೆದು, ಆಮೇಲಷ್ಟೇ ಹತ್ತರಿ ಹಿಡಿಯಬೇಕು.

ಅಲಗಿನ ಉಕ್ಕು ಎ2 ದರ್ಜೆಯದಾದರೆ ಹರಿತ ಹೆಚ್ಚು ಹೊತ್ತು ನಿಲ್ಲುತ್ತದೆ, ಆದರೆ 25 ಡಿಗ್ರಿಯಲ್ಲಿ ಅಂಚು ಚಕ್ಕೆ ಏಳುತ್ತದೆ. ತುದಿಗೆ ಮಾತ್ರ 30 ಡಿಗ್ರಿಯ ಕಿರು ಓರೆ ಕೊಟ್ಟರೆ ಈ ಕಾಟ ತಗ್ಗುತ್ತದೆ. ಒ1 ದರ್ಜೆಯ ಉಕ್ಕು ಬೇಗ ಹರಿತವಾಗುತ್ತದೆ, ತುಕ್ಕೂ ಬೇಗ. ಸಾಣೆಗೆ 1000 ಮತ್ತು 6000 ಗ್ರಿಟ್‌ನ ಎರಡು ಕಲ್ಲು ಸಾಕು. 1000ದಲ್ಲಿ ಹಿಂಬದಿಯ ಅಂಚಿನುದ್ದಕ್ಕೂ ಬೆರಳಿಗೆ ತರಿತರಿ ತಾಗುವವರೆಗೆ ಮಸೆದು, 6000ದಲ್ಲಿ ಅದನ್ನು ತೆಗೆಯಬೇಕು. ತರಿ ಪೂರ್ತಿ ಏಳುವ ಮೊದಲೇ ನುಣುಪು ಕಲ್ಲಿಗೆ ಹೋಗುವುದೇ ಹೆಚ್ಚಿನವರ ತಪ್ಪು. ನೀರುಕಲ್ಲು ನಡುವೆ ಸವೆದು ತಗ್ಗಾಗುತ್ತದೆ. ಡೈಮಂಡ್ ಪ್ಲೇಟ್ ಮೇಲೆ ಉಜ್ಜಿ ಆಗಾಗ ಸಮ ಮಾಡದಿದ್ದರೆ ಅಲಗಿನ ಅಂಚೂ ಬಾಗುತ್ತದೆ.

ತುಕ್ಕಿಗೆ ಮದ್ದು ಹಾಕುವಾಗ ಒಂದು ಎಚ್ಚರಿಕೆ: ಸಿಲಿಕೋನ್ ಇರುವ ಸ್ಪ್ರೇ ದೋಣಿ ಕಟ್ಟುವ ಶೆಡ್ಡಿನೊಳಗೇ ಬರಬಾರದು. ಹತ್ತರಿಯ ತಳದಿಂದ ಅದು ಮರಕ್ಕೆ ಹತ್ತಿದರೆ ವಾರ್ನಿಷ್ ಮೀನುಕಣ್ಣಿನಂತೆ ಗುಳಿ ಬೀಳುತ್ತದೆ, ಎಪಾಕ್ಸಿಯೂ ಸರಿಯಾಗಿ ಹಿಡಿಯದು. ಕ್ಯಾಮೆಲಿಯಾ ಎಣ್ಣೆಯ ತೆಳು ಲೇಪ ಸಾಕು. ತಳಕ್ಕೆ ಮೇಣ ಉಜ್ಜುವ ರೂಢಿ ಒಳ್ಳೆಯದೇ, ಅಂಟು ಹಾಕುವ ಮೈಯನ್ನು ಕೀಸುವ ಮೊದಲು ಒರೆಸಿಬಿಡಿ. ಓಕ್ ಮರದ ಕೆಲಸವಾದರೆ ಅದೇ ದಿನ ಒರೆಸಬೇಕು. ಅದರ ಟ್ಯಾನಿನ್ ಮತ್ತು ಹಸಿ ಸೇರಿ ಕಬ್ಬಿಣವನ್ನೂ ಮರವನ್ನೂ ಕಪ್ಪು ಮಾಡುತ್ತವೆ.

ಇನ್ನು ಜೊತೆಗಾರರು. ಸ್ಪೋಕ್‌ಶೇವ್ ಎಂದರೆ ಎರಡು ಹಿಡಿಯ, ಬಾಗಿದ ಮೈ ಕೀಸುವ ಸಣ್ಣ ಉಪಕರಣ. ಸ್ಪೋಕ್‌ಶೇವ್‌ನಲ್ಲಿ ಉಬ್ಬಿಗೆ ಚಪ್ಪಟೆ ತಳ, ತಗ್ಗಿಗೆ ದುಂಡು ತಳ. 151 ಮಾದರಿಯಲ್ಲಿ ಎರಡು ತಿರುಪಿನ ಹೊಂದಾಣಿಕೆ ಇರುವುದರಿಂದ ಅದೇ ವಾಸಿ. ಅದು ಗಡಗಡ ಅದುರಿದರೆ ಅಲಗಿನ ಹಾಸಿನ ಮೇಲಿನ ಪೇಂಟಿನ ಗಂಟುಗಳನ್ನು ಅರದಿಂದ ಉಜ್ಜಿ ತೆಗೆಯಿರಿ, ಹೆಚ್ಚಿನ ಅದುರಿಕೆ ಅಲ್ಲೇ ನಿಲ್ಲುತ್ತದೆ. ಗಿಡ್ಡ ಅಲಗು ಸಾಣೆಗೆ ಕೈಗೆ ಸಿಗದಿದ್ದರೆ ಸೀಳು ಕೊರೆದ ಮರದ ತುಂಡಿನಲ್ಲಿ ಸಿಕ್ಕಿಸಿ ಹಿಡಿಯಬಹುದು. ಉಳಿಗಳ ಪೂರ್ತಿ ಸೆಟ್ ಬೇಡ: 12, 25, 38 ಮಿ.ಮೀ. ಸಾಕು. ಕೊಡತಿಯ ಏಟು ಬೀಳುವ ಉಳಿಗೆ 30 ಡಿಗ್ರಿ, ಕೈಯೊತ್ತಿನದಕ್ಕೆ 25. ಎಳೆದು ಕೊಯ್ಯುವ ಜಪಾನೀ ಗರಗಸ ತೆಳುವಾಗಿ, ನೇರವಾಗಿ ಕೊಯ್ಯುತ್ತದೆ, ಆದರೆ ಗಟ್ಟಿ ಮಾಡಿದ ಹಲ್ಲಿಗೆ ಅರ ಹತ್ತುವುದಿಲ್ಲ, ಮರದೊಳಗಿನ ಮೊಳೆಗೆ ತಾಗಿದರೆ ಹಲ್ಲು ಮುರಿದೇ ಹೋಗುತ್ತದೆ. ಬದಲಿ ಅಲಗು ಸಿಗುವ ಮಾದರಿಯನ್ನೇ ಕೊಳ್ಳಿ.

ಕ್ಲ್ಯಾಂಪ್‌ಗಳು ಎಷ್ಟಿದ್ದರೂ ಸಾಲದು, ಆದರೆ ಎಲ್ಲವೂ ದುಬಾರಿಯವಾಗಬೇಕಿಲ್ಲ. 100 ಮಿ.ಮೀ. ಪಿವಿಸಿ ಪೈಪನ್ನು 40 ಮಿ.ಮೀ. ಅಗಲದ ಬಳೆಗಳಾಗಿ ಕೊಯ್ದು, ಒಂದು ಕಡೆ ಸೀಳಿದರೆ ತೆಳು ಪಟ್ಟಿಗಳನ್ನು ಅಂಟಿಸಲು ಬೇಕಾದಷ್ಟು ಬಿಗಿ ಸಿಗುತ್ತದೆ. ಎಪಾಕ್ಸಿಗೆ ಇಷ್ಟೇ ಒತ್ತಡ ಹಿತ. ಹಲ್ಲು ಕಚ್ಚಿ ಬಿಗಿದರೆ ಅಂಟೆಲ್ಲ ಹೊರಗೆ ಬಂದು ಜೋಡಣೆಯೊಳಗೆ ಅಂಟೇ ಉಳಿಯುವುದಿಲ್ಲ.