ಎಎಂಸಿ ಫೈಲುಗಳು ಕಪಾಟಿನಿಂದ ಫೋನಿಗೆ: ಡ್ರೈವ್‌ಗೆ ಪೂರ್ತಿ ಅಂಕ, ಇ-ಸಹಿಗೆ ಅರ್ಧ

ಹಾಸನದಲ್ಲಿ ನಮ್ಮದು ಯುಪಿಎಸ್, ಇನ್ವರ್ಟರ್, ಜನರೇಟರ್ ಮಾರಾಟ ಮತ್ತು ಸರ್ವಿಸ್ ಅಂಗಡಿ. ಮಾರಾಟದಲ್ಲಿ ಉಳಿಯುವುದು ಅಷ್ಟಕ್ಕಷ್ಟೇ, ಅಂಗಡಿ ನಡೆಯುವುದು ಎಎಂಸಿ (ವಾರ್ಷಿಕ ನಿರ್ವಹಣೆ ಕರಾರು) ದುಡ್ಡಿನಲ್ಲಿ. ನರ್ಸಿಂಗ್ ಹೋಂ, ಪೆಟ್ರೋಲ್ ಬಂಕ್, ಕಲ್ಯಾಣ ಮಂಟಪ, ಕಾಫಿ ಕ್ಯೂರಿಂಗ್ ವರ್ಕ್ಸ್, ಸಹಕಾರ ಸಂಘ, ಆಲೂರು-ಸಕಲೇಶಪುರ ಕಡೆಯ ಎಸ್ಟೇಟುಗಳು, ಹೀಗೆ ಎಲ್ಲರ ಜೊತೆಗೂ ವರ್ಷಕ್ಕೊಂದು ಕರಾರು. ಇವನ್ನೆಲ್ಲ ಗೂಗಲ್ ಡ್ರೈವ್‌ಗೆ ಹಾಕಿ, ಹೊಸ ಕರಾರುಗಳಿಗೆ ಆಧಾರ್ ಇ-ಸಹಿ ಶುರು ಮಾಡಿ ಎರಡು ವರ್ಷ ದಾಟಿತು. ಇ-ಸಹಿ ಪ್ಯಾಕ್ ಈ ಏಪ್ರಿಲ್‌ನಲ್ಲಿ ಮತ್ತೆ ನವೀಕರಿಸಿದೆ. ನಮ್ಮಂಥ ಸಣ್ಣ ಅಂಗಡಿಯವರು ಈ ದಾರಿ ಹಿಡಿಯುವ ಮುಂಚೆ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ, ಅದಕ್ಕೇ ಬರೆಯುತ್ತಿದ್ದೇನೆ. ಡ್ರೈವ್ ಬಳಸುವುದು ಹೇಗೆ, ಇ-ಸಹಿ ಅಂದರೇನು ಎಂಬುದಕ್ಕೆ ಬೇಕಾದಷ್ಟು ವಿಡಿಯೋಗಳಿವೆ, ಅದನ್ನು ಇಲ್ಲಿ ಹೇಳುವುದಿಲ್ಲ.

ಮೊದಲು ಸಂತೋಷದ ವಿಷಯ. ಮಲೆನಾಡಿನ ಅಂಚಿನಲ್ಲಿರುವವರಿಗೆ ಕಾಗದದ ಪಾಡು ಗೊತ್ತು. ಜುಲೈ ಬಂತೆಂದರೆ ಕಪಾಟಿನ ಕೆಳಗಿನ ಸಾಲಿನ ಫೈಲುಗಳಿಗೆ ಬೂಷ್ಟು. ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿದು ಮೊದಲ ಪುಟದ ಮೂಲೆ ತಿಂದಿರುತ್ತದೆ. ಅದಕ್ಕಿಂತ ದೊಡ್ಡ ತಾಪತ್ರಯ, ಬೇಕಾದ ಕರಾರು ಬೇಕಾದ ಹೊತ್ತಿಗೆ ಸಿಗುತ್ತಿರಲಿಲ್ಲ. ಹುಡುಗರು ಸೈಟ್‌ನಲ್ಲಿ ನಿಂತು ಫೋನ್ ಮಾಡುವರು, ‘ಅಕ್ಕ, ಇವರದ್ದು ಕಾಂಪ್ರಹೆನ್ಸಿವ್ವಾ, ಬರೀ ಲೇಬರಾ?’ ಅಂದರೆ ಬಿಡಿಭಾಗವೂ ಸೇರಿದ ಕರಾರೋ, ಬರೀ ಕೂಲಿಯದ್ದೋ ಅಂತ. ನಾನು ಅಂಗಡಿಯಲ್ಲಿ ಗಿರಾಕಿಯನ್ನು ಕೂರಿಸಿ ಕಪಾಟು ಜಾಲಾಡಬೇಕು.

ಈಗ ಅದೇ ಹುಡುಗರು ಯುಪಿಎಸ್ ಮುಂದೆ ನಿಂತುಕೊಂಡೇ ಕರಾರು ತೆಗೆಯುತ್ತಾರೆ. ಕಳೆದ ಮಳೆಗಾಲದಲ್ಲಿ ಒಂದು ನರ್ಸಿಂಗ್ ಹೋಂನಿಂದ ರಾತ್ರಿ ಹತ್ತರ ಮೇಲೆ ಕರೆ ಬಂತು. ಯುಪಿಎಸ್ ಒಳಗೆ ಕೆಪಾಸಿಟರ್ ಉಬ್ಬಿ ಒಡೆದಿತ್ತು. ನಮ್ಮ ಹುಡುಗ ಹೊಸದರ ಬೆಲೆ ಹೇಳುವ ಮೊದಲು ಫೋನಿನಲ್ಲಿ ಅವರ ಹೆಸರು ಹೊಡೆದ, ಕರಾರು ಬಂತು. ‘ಬ್ಯಾಟರಿ ಹೊರತುಪಡಿಸಿ ಎಲ್ಲ ಬಿಡಿಭಾಗಗಳು ಸೇರಿವೆ’ ಎಂದಿತ್ತು. ಮ್ಯಾನೇಜರ್‌ಗೆ ಪರದೆ ತೋರಿಸಿ, ‘ಇದಕ್ಕೆ ನಿಮ್ಮಿಂದ ದುಡ್ಡು ಬರಲ್ಲ ಸಾರ್’ ಅಂದು ಹಾಕಿಕೊಟ್ಟು ಬಂದ. ಅಲ್ಲಿಯ ತನಕ ಪ್ರತಿ ಬಿಲ್ಲಿಗೂ ತಕರಾರು ತೆಗೆಯುತ್ತಿದ್ದ ಆ ಮ್ಯಾನೇಜರ್ ಮಾರನೇ ವಾರ ಇನ್ನೊಂದು ಕಟ್ಟಡದ ಎಎಂಸಿಯನ್ನೂ ನಮಗೇ ಕೊಟ್ಟರು. ಕರಾರು ಅಂದರೆ ಗಿರಾಕಿಯನ್ನು ಕಟ್ಟಿಹಾಕುವ ಕಾಗದ ಅಂತ ಎಷ್ಟೋ ಜನ ಅಂದುಕೊಂಡಿರುತ್ತಾರೆ. ಅದು ಅವರ ಪರವಾಗಿಯೂ ಮಾತಾಡುತ್ತದೆ ಎಂಬುದನ್ನು ಕಣ್ಣೆದುರೇ ಕಂಡರು.

ಸಂಜೆಯ ಕೆಲಸ ಅಂದರೆ ನನಗೆ ಈಗ ಇಷ್ಟ. ಏಳರ ಸುಮಾರಿಗೆ ಹುಡುಗರು ಬಂದು ದಿನದ ಕಾಗದಗಳನ್ನು ಕೌಂಟರ್ ಮೇಲೆ ಇಡುತ್ತಾರೆ. ಟೀ ಬರುವಷ್ಟರಲ್ಲಿ ಪಿನ್ನು ಬಿಡಿಸಿ, ಮಡಿಕೆಯನ್ನು ಅಂಗೈಯಲ್ಲಿ ಒತ್ತಿ, ಕ್ಯಾಶ್ ಡ್ರಾಯರ್ ಮೇಲಿನ ಕಪ್ಪು ರೆಕ್ಸಿನ್ ಮೇಲೆ ಹಾಸುತ್ತೇನೆ. ಕೆಳಗಿನ ಬಣ್ಣ ಕಪ್ಪಾಗಿದ್ದರೆ ಫೋನ್ ಕ್ಯಾಮೆರಾ ಕಾಗದದ ನಾಲ್ಕೂ ಅಂಚನ್ನು ತಾನೇ ಹಿಡಿಯುತ್ತದೆ, ಬಿಳಿ ಮೇಜಿನ ಮೇಲೆ ಹಿಡಿಯುವುದಿಲ್ಲ. ಟ್ಯೂಬ್‌ಲೈಟಿಗೆ ಬೆನ್ನು ಹಾಕಿ ನಿಲ್ಲಬಾರದು, ನಮ್ಮದೇ ನೆರಳು ಬೀಳುತ್ತದೆ. ಸ್ಕ್ಯಾನ್‌ಗೆ ಡ್ರೈವ್ ಆ್ಯಪ್‌ನಲ್ಲೇ ಇರುವ ಕ್ಯಾಮೆರಾ ಸಾಕು. ಹಿಂದೆ ಎಲ್ಲರ ಫೋನಲ್ಲೂ ಇದ್ದ ಕ್ಯಾಮ್‌ಸ್ಕ್ಯಾನರ್, 2020ರ ಜೂನ್‌ನಲ್ಲಿ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳ ಪಟ್ಟಿಯಲ್ಲಿ ಹೋಯಿತು.

ಆಮೇಲೆ ಹೆಸರು ಇಡುವುದು. ಮೊದಲು ವರ್ಷ, ತಿಂಗಳು, ಆಮೇಲೆ ಗಿರಾಕಿ, ಊರು, ಯಂತ್ರ. ವರ್ಷ ಮೊದಲಿದ್ದರೆ ಯಾವ ತಿಂಗಳು ಯಾರದ್ದು ಮುಗಿಯುತ್ತದೆ ಎಂಬುದು ಪಟ್ಟಿಯಲ್ಲೇ ಸಾಲಾಗಿ ಕಾಣುತ್ತದೆ. ಗಿರಾಕಿಯ ಹೆಸರನ್ನು ಕನ್ನಡದಲ್ಲೇ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಬರೆದರೆ ‘ಲಕ್ಷ್ಮಿ’ಯನ್ನು ಅಂಗಡಿಯಲ್ಲಿ ಮೂವರು ಮೂರು ಥರ ಬರೆಯುತ್ತಾರೆ, ಹುಡುಕಿದಾಗ ಒಂದು ಸಿಗುತ್ತದೆ, ಇನ್ನೆರಡು ಸಿಗುವುದಿಲ್ಲ. ಸ್ಕ್ಯಾನಿನ ಒಳಗಿರುವ ಕೈಬರಹವನ್ನು ನಂಬಿಕೊಂಡು ಹುಡುಕಲು ಹೋಗಬೇಡಿ, ಫೈಲಿನ ಹೆಸರು ಸರಿಯಿರಲಿ.

ಖರ್ಚಿನ ವಿಷಯ ಎರಡೇ ಮಾತು. 15 ಜಿಬಿ ಪುಕ್ಕಟೆ ಬರುತ್ತದೆ, ಬರೀ ಕರಾರಿಗೆ ಅದು ಧಾರಾಳ. ಸರ್ವಿಸ್ ಫೋಟೋಗಳೂ ಇರಲಿ ಅಂತ ನಾವು 100 ಜಿಬಿ ತೆಗೆದುಕೊಂಡೆವು, ವರ್ಷಕ್ಕೆ 1,300 ರೂಪಾಯಿ. ಅಂಗಡಿಯ ಹೆಸರಿನಲ್ಲೇ ಬೇರೆ ಖಾತೆ ಮಾಡಿ. ಯಾರದ್ದೋ ಸ್ವಂತ ಜಿಮೇಲ್‌ನಲ್ಲಿ ಹಾಕಿಟ್ಟರೆ ಅವರು ಕೆಲಸ ಬಿಟ್ಟ ದಿನ ಕಪಾಟೂ ಅವರ ಜೊತೆ ಹೋಗುತ್ತದೆ. ತಿಂಗಳಿಗೊಮ್ಮೆ ಎಲ್ಲವನ್ನೂ ಹಾರ್ಡ್‌ಡಿಸ್ಕ್‌ಗೂ ಇಳಿಸಿಕೊಳ್ಳುತ್ತೇನೆ. ಜಿಎಸ್‌ಟಿ ಲೆಕ್ಕದ ದಾಖಲೆಗಳನ್ನು ವಾರ್ಷಿಕ ರಿಟರ್ನ್ ಕೊಡಬೇಕಾದ ದಿನದಿಂದ 72 ತಿಂಗಳು ಇಟ್ಟುಕೊಂಡಿರಬೇಕು ಎಂದು ಕಾನೂನೇ ಹೇಳುವಾಗ, ಒಂದೇ ಪಾಸ್‌ವರ್ಡನ್ನು ನಂಬಿ ಕೂರುವುದು ಸರಿಯಲ್ಲ.

ಇನ್ನು ಇ-ಸಹಿ. ಮೊದಲ ಕೆಲವು ತಿಂಗಳು ನಾನು ಸಿಕ್ಕವರಿಗೆಲ್ಲ ಹೊಗಳಿದ್ದೇನೆ, ಅದಕ್ಕೆ ಕಾರಣವೂ ಇತ್ತು. ಬೆಂಗಳೂರಿನಲ್ಲಿ ಹೆಡ್ ಆಫೀಸ್ ಇರುವ ಗಿರಾಕಿಗಳ ಕರಾರು ಕೊರಿಯರ್‌ನಲ್ಲಿ ಹೋಗಿ, ಯಾರದ್ದೋ ಮೇಜಿನ ಮೇಲೆ ಕೂತು, ಸಹಿಯಾಗಿ ಬರುವಷ್ಟರಲ್ಲಿ ಮೊದಲ ಸರ್ವಿಸ್ಸೇ ಮುಗಿದಿರುತ್ತಿತ್ತು. ಈಗ ಲಿಂಕ್ ಕಳಿಸುತ್ತೇವೆ. ಅವರು ಆಧಾರ್ ಸಂಖ್ಯೆ ಹಾಕಿ, ಬಂದ ಒಟಿಪಿ ಒತ್ತಿದರೆ ಮುಗಿಯಿತು. ಒಳಗೆ ನಡೆಯುವುದು ಸೊಗಸಾಗಿದೆ: ಆ ಸಹಿಗೆಂದೇ ಒಂದು ಪ್ರಮಾಣಪತ್ರ ಹುಟ್ಟುತ್ತದೆ, ಅದರ ಆಯಸ್ಸು 30 ನಿಮಿಷ. ಪಿಡಿಎಫ್‌ನಲ್ಲಿ ಆಮೇಲೆ ಯಾರಾದರೂ ಒಂದು ಸೊನ್ನೆ ತಿದ್ದಿದರೂ ಸಹಿ ಕೆಟ್ಟಿದೆ ಎಂದು ಪರಿಶೀಲನೆಯಲ್ಲಿ ಗೊತ್ತಾಗುತ್ತದೆ. ಒಂದು ಸಹಿಗೆ ಬೀಳುವ ದುಡ್ಡು, ಹುಡುಗನನ್ನು ಬೈಕಿನಲ್ಲಿ ಸಕಲೇಶಪುರಕ್ಕೆ ಕಳಿಸುವ ಪೆಟ್ರೋಲಿಗಿಂತ ಕಡಿಮೆ. ಕಾನೂನಿನ ಭಯವೂ ಬೇಡ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಇಂಥ ಸಹಿಗೆ ಮಾನ್ಯತೆ ಕೊಟ್ಟಿದೆ, ಎಲೆಕ್ಟ್ರಾನಿಕ್ ರೂಪದಲ್ಲಿ ಆಯಿತು ಎಂಬ ಒಂದೇ ಕಾರಣಕ್ಕೆ ಕರಾರು ಬಿದ್ದುಹೋಗುವುದಿಲ್ಲ ಎಂದು ಅದರ 10ಎ ಕಲಂ ಹೇಳುತ್ತದೆ. ವಿಲ್, ಟ್ರಸ್ಟ್ ಡೀಡ್‌ನಂಥವಕ್ಕೆ ಇದು ನಡೆಯುವುದಿಲ್ಲ, ನಮ್ಮ ವ್ಯಾಪಾರಕ್ಕೆ ಅದರ ಗೊಡವೆ ಇಲ್ಲ.

ಎಸ್ಟೇಟ್ ಕಡೆಗೆ ಹೊರಟಾಗ ಈ ಹೊಗಳಿಕೆ ನಿಂತುಹೋಯಿತು. ಒಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ನಂಬರಿಗೆ ಮಾತ್ರ. ನಮ್ಮ ಹಳೆಯ ಗಿರಾಕಿಗಳಲ್ಲಿ ಎಷ್ಟೋ ಜನರಿಗೆ ಆ ನಂಬರ್ ಯಾವುದೆಂದೇ ನೆನಪಿಲ್ಲ. ಕೆಲವರದ್ದು ಸತ್ತುಹೋದ ಸಿಮ್, ಕೆಲವರದ್ದು ಮಗನದ್ದು. ನಂಬರ್ ಇದ್ದರೂ ತೋಟದಲ್ಲಿ ಸಿಗ್ನಲ್ ಇರುವುದು ಗೇಟಿನ ಹತ್ತಿರ, ಅಲ್ಲಿಗೆ ನಡೆದು ಬರುವಷ್ಟರಲ್ಲಿ ಒಟಿಪಿ ಅವಧಿ ಮುಗಿದಿರುತ್ತದೆ. ಇದೆಲ್ಲ ಹೇಗೋ ಸುಧಾರಿಸಬಹುದು. ಆದರೆ ನಮ್ಮ ಅಪ್ಪನ ಕಾಲದಿಂದಲೂ ಗಿರಾಕಿಯಾಗಿರುವ ಹಿರಿಯರೊಬ್ಬರು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ‘ಬ್ಯಾಂಕಿನವರು ಒಟಿಪಿ ಯಾರಿಗೂ ಹೇಳಬೇಡಿ ಅಂತಾರೆ. ಫೋನ್ ರಿಂಗ್ ಆಗೋ ಮೊದಲೇ ಅದನ್ನೇ ಸಾರ್ತಾರೆ. ನೀನು ನೋಡಿದ್ರೆ ಒಟಿಪಿ ಹಾಕಿ ಅಂತೀಯ. ಯಾರನ್ನ ನಂಬೋದು ಕಣಮ್ಮ?’

‘ನಮಗೆ ಹೇಳೋದು ಬೇಡ ಗೌಡ್ರೇ, ನೀವೇ ಹಾಕಿದ್ರೆ ಆಯ್ತು’ ಅಂದೆ. ಪರದೆ ನೋಡಿದರು. ಒಪ್ಪಿಗೆಯ ಮಾತೆಲ್ಲ ಇಂಗ್ಲಿಷಿನಲ್ಲಿತ್ತು. ಕನ್ನಡ ಪೇಪರನ್ನು ಮೊದಲ ಪುಟದಿಂದ ಕೊನೆಯ ತನಕ ಓದುವ ಮನುಷ್ಯ, ತನ್ನ ಆಧಾರ್ ವಿವರವನ್ನು ಯಾವುದಕ್ಕೆ ಕೊಡುತ್ತಿದ್ದೇನೆ ಎಂದು ಓದಲಾರದೆ ಫೋನನ್ನು ವಾಪಸ್ ನನ್ನ ಕೈಗಿಟ್ಟರು. ನಾವು ಕರಾರನ್ನು ಕನ್ನಡದಲ್ಲಿ ಬರೆದಿದ್ದೇವೆ, ಅವರ ಕಣ್ಣಿಗೆ ದೊಡ್ಡ ಅಕ್ಷರದಲ್ಲಿ. ಸಹಿ ಮಾಡುವ ಕೊನೆಯ ಪರದೆ ಮಾತ್ರ ನಮ್ಮ ಕೈಯಲ್ಲಿಲ್ಲ. ಈ ಸೇವೆಯವರಿಗೆ ಹಲವು ಸಲ ಮೇಲ್ ಮಾಡಿದ್ದೇನೆ, ‘ಗಮನಿಸುತ್ತೇವೆ’ ಎಂಬ ಉತ್ತರ ಬಿಟ್ಟರೆ ಬೇರೇನೂ ಬಂದಿಲ್ಲ.

ಗೌಡರ ಆಧಾರ್‌ಗೆ ಜೋಡಿಸಿದ ನಂಬರ್ ಕೊನೆಗೆ ಬೆಂಗಳೂರಿನಲ್ಲಿರುವ ಮಗಳದ್ದು ಅಂತ ತಿಳಿಯಿತು. ಆ ಹುಡುಗಿ ತುಂಬಾ ಒಳ್ಳೆಯವಳು. ‘ಒಟಿಪಿ ಬಂದಿದೆ, ಓದ್ತೀನಿ ಹಾಕ್ಕೊಳಿ ಅಕ್ಕ’ ಅಂದಳು. ಬೇಡ ಅಂದೆ. ಅಪ್ಪ ಕಾಫಿ ಕಣದಲ್ಲಿ ಆಳುಗಳ ಜೊತೆ ನಿಂತಿದ್ದಾರೆ, ಒಟಿಪಿ ಮಗಳ ಫೋನಿನಲ್ಲಿದೆ, ಅದನ್ನು ಒತ್ತುವವಳು ನಾನು. ಇಷ್ಟಾದ ಮೇಲೆ ಪಿಡಿಎಫ್‌ನಲ್ಲಿ ಏನು ಬರುತ್ತದೆ? ಅಪ್ಪನ ಹೆಸರು, ಅಪ್ಪನ ಆಧಾರ್, ಇಂಥ ದಿನ ಇಷ್ಟು ಗಂಟೆಗೆ ಅವರೇ ಸಹಿ ಹಾಕಿದರು ಎಂಬ ಪ್ರಮಾಣ. ಆ ಮೂವರಲ್ಲಿ ಯಾರಿಗೂ ಮೋಸದ ಮನಸ್ಸಿಲ್ಲ, ಆದರೂ ಅದು ಅವರ ಸಹಿಯಲ್ಲ. ಪೆನ್ನಿನ ಸಹಿಗಾದರೆ ಅವರ ಕೈಯೇ ಬೇಕು. ಮರುದಿನ ಹುಡುಗನ ಹತ್ತಿರ ಎರಡು ಪ್ರತಿ ಕಳಿಸಿದೆ, ಓದಿ, ಒಂದು ಸಾಲು ಕೇಳಿ ತಿದ್ದಿಸಿ, ಸಹಿ ಹಾಕಿ ಕೊಟ್ಟರು.

ಆಮೇಲೆ ಎಲ್ಲೆಲ್ಲೂ ನನಗೆ ಇದೇ ಕಾಣತೊಡಗಿತು. ಯುಎಸ್‌ಬಿ ಟೋಕನ್‌ನಲ್ಲಿ ಬರುವ ಡಿಎಸ್‌ಸಿ (ಡಿಜಿಟಲ್ ಸಹಿಯ ಪ್ರಮಾಣಪತ್ರ) ಇರುವ ಗಿರಾಕಿಗಳು ಇ-ಸಹಿಗೆ ಸುಲಭ ಅಂದುಕೊಂಡಿದ್ದೆ. ಅವರಲ್ಲಿ ಅನೇಕರ ಟೋಕನ್ ಇರುವುದು ಆಡಿಟರ್ ಆಫೀಸಿನ ಡ್ರಾಯರ್‌ನಲ್ಲಿ, ಮೇಲೆ ಹೆಸರಿನ ಚೀಟಿ, ಚೀಟಿಯ ಹಿಂದೆ ಪಾಸ್‌ವರ್ಡ್. ‘ಆಡಿಟರ್‌ಗೆ ಕಳಿಸಿಬಿಡಿ ಮೇಡಂ, ಅಲ್ಲೇ ಹಾಕಿಕೊಡ್ತಾರೆ’ ಎನ್ನುತ್ತಾರೆ. ರಿಟರ್ನ್ಸ್ ಕೆಲಸಕ್ಕೆ ಅದು ರೂಢಿಯಾಗಿಬಿಟ್ಟಿದೆ. ಆದರೆ ವರ್ಷವಿಡೀ ದುಡ್ಡು ಕೊಡಬೇಕಾದ ಕರಾರಿಗೆ, ಅದನ್ನು ಓದದೇ ಇರುವವರ ಬೆರಳಿನಿಂದ ಸಹಿ ಬೀಳುವುದು ನನಗೆ ಒಪ್ಪಿಗೆಯಿಲ್ಲ. ಓದುವ ನಿಮಗೂ ಕೇಳಿಕೊಳ್ಳುತ್ತೇನೆ, ನಿಮ್ಮ ಟೋಕನ್ ಬೇರೆಯವರ ಹತ್ತಿರ ಇದ್ದರೆ ಇವತ್ತೇ ಹೋಗಿ ತಂದುಕೊಳ್ಳಿ.

ಸಹಕಾರ ಸಂಘಗಳದ್ದು ಇನ್ನೊಂದು ಬಗೆ. ಕಾರ್ಯದರ್ಶಿ ಆಧಾರ್ ಇ-ಸಹಿ ಹಾಕಿದರೆ ಅದರಲ್ಲಿ ಬರುವುದು ಆ ವ್ಯಕ್ತಿಯ ಹೆಸರು, ಹುದ್ದೆಯಲ್ಲ. ಒಂದು ಸಂಘದ ಲೆಕ್ಕಪರಿಶೋಧನೆಯಲ್ಲಿ ‘ಸೀಲು ಎಲ್ಲಿ?’ ಎಂದು ಕೇಳಿ ಕರಾರನ್ನೇ ಬದಿಗಿಟ್ಟರು. ಸಂಘದವರು ತೋರಿಸಿದ್ದು ಪ್ರಿಂಟ್, ಅದರ ಮೇಲೆ ಹಳದಿ ಪ್ರಶ್ನಾರ್ಥಕ ಚಿಹ್ನೆ. ಇ-ಆಧಾರ್ ಪ್ರಿಂಟ್ ತೆಗೆದವರೆಲ್ಲ ಅದನ್ನು ನೋಡಿರುತ್ತೀರಿ. ಕಂಪ್ಯೂಟರಿನಲ್ಲಿ ಫೈಲು ತೆರೆದು ಸಹಿಯ ಮೇಲೆ ಒತ್ತಿ, ಪ್ರಮಾಣಪತ್ರವನ್ನು ನಂಬಿಕೆಯ ಪಟ್ಟಿಗೆ ಸೇರಿಸಿದರೆ ಅದು ಹಸಿರು ಟಿಕ್ ಆಗುತ್ತದೆ. ಆದರೆ ಒಮ್ಮೆ ಪ್ರಿಂಟ್ ಹಾಕಿದ ಮೇಲೆ ಟಿಕ್ ಆದರೂ ಚಿತ್ರವೇ, ಪ್ರಶ್ನೆಯಾದರೂ ಚಿತ್ರವೇ. ಸಹಿ ಇರುವುದು ಫೈಲಿನೊಳಗೆ. ಅದನ್ನು ಅಲ್ಲಿಯವರಿಗೆ ಮನವರಿಕೆ ಮಾಡುವುದಕ್ಕಿಂತ ಪೆನ್ನು, ರೌಂಡ್ ಸೀಲು, ನಡವಳಿ ಪ್ರತಿ ಇವೇ ಬೇಗ.

ವಕೀಲರನ್ನು ಕೇಳಿ ತಿಳಿದುಕೊಂಡ ಎರಡು ವಿಷಯ ಸೇರಿಸುತ್ತೇನೆ. ಸ್ಕ್ಯಾನ್ ಆಯಿತು ಅಂತ ಪೆನ್ನಿನಲ್ಲಿ ಸಹಿ ಮಾಡಿದ ಮೂಲ ಕಾಗದವನ್ನು ಗುಜರಿಗೆ ಹಾಕಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಅದರ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಗುರುತು) ಬರೆದ ಪ್ರಮಾಣಪತ್ರವೂ ಬೇಕು. ಹಾಗಾಗಿ ಇ-ಸಹಿಯ ಫೈಲನ್ನು ಬಂದ ಹಾಗೇ ಇಡಿ, ವಾಟ್ಸ್‌ಆ್ಯಪ್ ಸ್ಕ್ರೀನ್‌ಶಾಟ್ ಮಾಡಿ ಮೂಲವನ್ನು ಅಳಿಸಬೇಡಿ. ಎರಡನೆಯದು, ಇ-ಸಹಿ ಹಾಕಿದ ಮಾತ್ರಕ್ಕೆ ಮುದ್ರಾಂಕ ಶುಲ್ಕ ಮಾಫಿಯಾಗುವುದಿಲ್ಲ. ಸರಿಯಾದ ಶುಲ್ಕ ಕಟ್ಟದ ಕರಾರನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುವಂತಿಲ್ಲ ಎಂದು ಕರ್ನಾಟಕ ಮುದ್ರಾಂಕ ಕಾಯ್ದೆಯ 34ನೇ ಕಲಂ ಹೇಳುತ್ತದೆ, ದಂಡ ಹತ್ತು ಪಟ್ಟಿನ ತನಕ ಹೋಗುತ್ತದೆ. ನಾವು ಇ-ಸ್ಟಾಂಪ್ ತೆಗೆದು ಅದನ್ನೇ ಮೊದಲ ಪುಟವಾಗಿ ಸೇರಿಸಿ ಸಹಿಗೆ ಕಳಿಸುತ್ತೇವೆ.

ಈ ವರ್ಷ ಹೀಗೆ ಮಾಡಿಕೊಂಡಿದ್ದೇನೆ. ತನ್ನ ಫೋನು ತನ್ನ ಕೈಲಿದ್ದು, ತಾನೇ ಓದಿ ಒತ್ತುವ ಗಿರಾಕಿಗೆ ಇ-ಸಹಿ. ಆಸ್ಪತ್ರೆಗಳು, ಬಂಕುಗಳು, ಬೆಂಗಳೂರು ಆಫೀಸಿನವರು ಬಹುಪಾಲು ಇದರಲ್ಲಿ ಬರುತ್ತಾರೆ, ಅವರ ಕರಾರು ಒಂದೇ ದಿನದಲ್ಲಿ ಮುಗಿಯುತ್ತಿದೆ. ಉಳಿದವರಿಗೆ ಸರ್ವಿಸ್‌ಗೆ ಹೋಗುವ ಹುಡುಗನೇ ಎರಡು ಪ್ರತಿ ಒಯ್ಯುತ್ತಾನೆ. ಸಂಜೆ ಅದೂ ರೆಕ್ಸಿನ್ ಮೇಲೆ ಬಂದು ಅದೇ ಫೋಲ್ಡರ್ ಸೇರುತ್ತದೆ, ಹುಡುಕುವವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಡ್ರೈವ್ ಇಲ್ಲದೆ ಅಂಗಡಿ ನಡೆಸುವುದನ್ನು ಈಗ ಯೋಚಿಸಲೂ ಆಗುವುದಿಲ್ಲ. ಇ-ಸಹಿಯದ್ದು ಮಾತ್ರ ಏಪ್ರಿಲ್‌ನಲ್ಲಿ ದೊಡ್ಡ ಪ್ಯಾಕ್ ಬಿಟ್ಟು ಚಿಕ್ಕದಕ್ಕೆ ಇಳಿದೆ. ಏಜೆಂಟ್ ಕಾರಣ ಕೇಳಿದರು, ಸಹಿಯ ಪರದೆ ಕನ್ನಡದಲ್ಲಿ ಬರಲಿ, ಅವತ್ತೇ ದೊಡ್ಡದಕ್ಕೆ ದುಡ್ಡು ಕಟ್ಟುತ್ತೇನೆ ಅಂತ ಬರೆದುಕೊಟ್ಟಿದ್ದೇನೆ.